ಕೆಸರಲ್ಲಿ ಸೈಕಲ್ ಇಳಿದರೆ ಸೋತ ಹಾಗಾ?

ಪ್ರಶ್ನೆ: ನಾನು ಮಂಡ್ಯದ ಹೈಸ್ಕೂಲ್ ಮೇಷ್ಟ್ರು, ವಯಸ್ಸು 43. ಕಳೆದ ವರ್ಷ ಗೆಳೆಯರ ಮಾತು ಕೇಳಿ ಶ್ರೀರಂಗಪಟ್ಟಣದ ಹತ್ತಿರ ಒಂದು ಬೀಳು ಗದ್ದೆಯಲ್ಲಿ ನಡೆದ ಹವ್ಯಾಸಿಗಳ ಸೈಕ್ಲೋಕ್ರಾಸ್ ರೇಸಿಗೆ, ಅಂದರೆ ಕೆಸರು, ಅಡೆತಡೆಗಳ ನಡುವೆ ಸುತ್ತು ಹಾಕುವ ಸೈಕಲ್ ರೇಸಿಗೆ ಇಳಿದೆ. ನನ್ನದು ಗೇರ್ ಇರುವ ಸಾಧಾರಣ ಎಂಟಿಬಿ (ಮೌಂಟನ್ ಬೈಕ್), ಡಿಸ್ಕ್ ಬ್ರೇಕು. ಎರಡನೇ ಸುತ್ತಿನಲ್ಲಿ ಕೆಸರು ತುಂಬಿ ಹಿಂದಿನ ಗೇರಿನ ಭಾಗವೇ ಕಿತ್ತು ಸ್ಪೋಕ್ಸಿಗೆ ಸಿಕ್ಕಿಕೊಂಡಿತು. ಮುರಿದ ತುಂಡು ಇನ್ನೂ ಮೇಜಿನ ಡ್ರಾಯರಲ್ಲಿದೆ. ಈ ಸಲ ಅಕ್ಟೋಬರಿನಲ್ಲಿ ಶನಿವಾರ, ಭಾನುವಾರ ಎರಡೂ ದಿನ 40 ನಿಮಿಷದ ರೇಸ್. ಮಳೆ ಬರುವುದು ಹೆಚ್ಚುಕಮ್ಮಿ ಖಾತ್ರಿ. ‘ಗಾಳಿ ಕಲ್ಲಿನ ಹಾಗೆ ತುಂಬಿಸಿ’ ಅಂತ ಒಬ್ಬರು, ‘ಲಕ್ಷ ರೂಪಾಯಿ ಸೈಕಲ್ ಇಲ್ಲದೆ ಬರಬೇಡಿ’ ಅಂತ ಇನ್ನೊಬ್ಬರು. ಇಳಿದು ತಳ್ಳಿಕೊಂಡು ಹೋದರೆ ನೋಡಲು ಬರುವ ನನ್ನ ಹುಡುಗರು ನಗುತ್ತಾರೆ. ಮನೆಯವಳಿಗೆ ಇಲಿಜ್ವರದ ಭಯ. ಭಾನುವಾರ ಸಂಜೆವರೆಗೆ ಸೈಕಲ್ಲೂ ನಾನೂ ಉಳಿಯುವುದು ಹೇಗೆ?

ಉತ್ತರ: ಮೇಷ್ಟ್ರೇ, ನೀವು ಐದಾರು ವಿಷಯ ಕೇಳಿದ್ದೀರಿ. ಆದರೆ ಪತ್ರ ಎರಡು ಸಲ ಓದಿದ ಮೇಲೆ ನನಗನ್ನಿಸಿದ್ದು, ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಇಳಿಯುವ ವಿಷಯ. ಗೇರ್ ಮುರಿದದ್ದೂ ಅಲ್ಲಿಂದಲೇ ಶುರುವಾಗಿದೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಸೈಕ್ಲೋಕ್ರಾಸ್ ಎಂಬ ಆಟವೇ ಇಳಿದು ಹತ್ತುವ ಆಟ. ಫ್ರಾನ್ಸಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1902ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ, ಪ್ಯಾರಿಸ್‌ನಲ್ಲಿ. ಈ ಆಟದ ದಾರಿಯಲ್ಲಿ ಬೇಕೂಂತಲೇ ಅಡ್ಡ ಹಲಗೆ ನಿಲ್ಲಿಸುತ್ತಾರೆ, ಮೆಟ್ಟಿಲು ಹತ್ತಿಸುತ್ತಾರೆ. ಹಲಗೆಯ ಎತ್ತರ ಹೆಚ್ಚೆಂದರೆ 40 ಸೆಂಟಿಮೀಟರ್. ಸವಾರ ಇಳಿಯಲಿ, ಸೈಕಲ್ ಎತ್ತಿಕೊಂಡು ಓಡಲಿ ಅಂತಲೇ ಅದು ಇರುವುದು. ಬೆಲ್ಜಿಯಂ, ನೆದರ್ಲೆಂಡ್ಸ್‌ನ ಚಾಂಪಿಯನ್ನರೇ ಸೈಕಲ್ ಹೆಗಲ ಮೇಲೆ ಹಾಕಿಕೊಂಡು ಮೊಣಕಾಲವರೆಗೆ ಕೆಸರು ತುಳಿಯುತ್ತಾರೆ. ನಿಮ್ಮ ಹುಡುಗರು ನಕ್ಕರೆ ನಗಲಿ ಬಿಡಿ.

ಬೆಲ್ಜಿಯಂ ದೂರವಾಯಿತು ಅಂದರೆ ನಿಮ್ಮ ಊರಿನ ನಾಲೆ ಏರಿ ಮೇಲೆ ಬೆಳಗ್ಗೆ ಆರು ಗಂಟೆಗೆ ನಿಂತು ನೋಡಿ. ಕ್ಯಾನ್ ಕಟ್ಟಿಕೊಂಡು ಡೇರಿಗೆ ಹಾಲು ಹಾಕಲು ಹೋಗುವ ಯಜಮಾನರು ಕೆಸರು ಬಂದಾಗ ಏನು ಮಾಡುತ್ತಾರೆ? ಕೆಸರಿಗೆ ಇನ್ನೂ ಎರಡು ಮಾರು ಇರುವಾಗಲೇ ಬಲಗಾಲು ಹಿಂದಿನಿಂದ ಈಚೆಗೆ ಬಂದಿರುತ್ತದೆ. ಎಡಗಾಲು ಪೆಡಲ್ ಮೇಲೆ. ಸೈಕಲ್ ಇನ್ನೂ ಉರುಳುತ್ತಲೇ ಇರುತ್ತದೆ. ಕೆಸರು ಮುಟ್ಟುವ ಹೊತ್ತಿಗೆ ಎರಡೂ ಕಾಲು ನೆಲದಲ್ಲಿ, ಎರಡೂ ಕೈ ಸೈಕಲ್ ಮೇಲೆ, ನಡಿಗೆ ಶುರು. ಒಂದು ತೊಟ್ಟು ಹಾಲು ಚೆಲ್ಲುವುದಿಲ್ಲ. ಯುರೋಪಿನ ಕೋಚ್‌ಗಳು ಹುಡುಗರಿಗೆ ತಿಂಗಳುಗಟ್ಟಲೆ ಹೇಳಿಕೊಡುವುದೂ ಇದನ್ನೇ. ಅವರು ಹಲಗೆ ಇಟ್ಟು ಕಲಿಸುತ್ತಾರೆ, ಇವರು ಕ್ಯಾನ್ ಕಟ್ಟಿಕೊಂಡು ಕಲಿತಿದ್ದಾರೆ, ಅಷ್ಟೇ ವ್ಯತ್ಯಾಸ.

ಹೊಸಬರು ಮಾಡುವ ತಪ್ಪು ಇದರ ತದ್ವಿರುದ್ಧ. ಸೈಕಲ್ ಪೂರ್ತಿ ನಿಲ್ಲುವವರೆಗೂ ತುಳಿಯುತ್ತಾರೆ. ಕೊನೆಯ ನಾಲ್ಕು ತುಳಿತಕ್ಕೆ ಇಡೀ ಮೈಯ ಬಲ ಹಾಕುತ್ತಾರೆ. ಆಮೇಲೆ ಒಂದು ಪಕ್ಕಕ್ಕೆ ವಾಲಿ, ಕಾಲು ಊರಿ, ಹೂತ ಚಕ್ರ ಕಿತ್ತು ಮತ್ತೆ ಹೊರಡುವಷ್ಟರಲ್ಲಿ ಮೂವರು ಮುಂದೆ ಹೋಗಿರುತ್ತಾರೆ. ಉರುಳುವಾಗಲೇ ಇಳಿದರೆ ಒಂದೆರಡು ಸೆಕೆಂಡಿನ ಕೆಲಸ. ನಿಂತ ಮೇಲೆ ಇಳಿದರೆ ಎಂಟು ಹತ್ತು ಸೆಕೆಂಡು, ಜೊತೆಗೆ ಏದುಸಿರು. ನಾನು ಹೇಳಿಕೊಡುವ ಲೆಕ್ಕ ಸುಲಭ. ಮುಂದಿನ ಹತ್ತು ಹೆಜ್ಜೆ ದೂರವನ್ನು ಸವಾರಿಯಲ್ಲಿ ದಾಟುವುದು ಅನುಮಾನ ಅನ್ನಿಸಿದರೆ ಇಳಿಯಿರಿ. ನಿಮ್ಮ ಸವಾರಿ ಓಟಕ್ಕಿಂತ ನಿಧಾನವಾಗಿದ್ದರೂ ಇಳಿಯಿರಿ.

ಈಗ ಗೇರಿನ ಕಥೆ. ನಿಮ್ಮದು ಕಳಪೆ ಸೈಕಲ್, ಅದಕ್ಕೇ ಮುರೀತು ಅಂತ ಯಾರಾದರೂ ಹೇಳಿದ್ದರೆ ಅದು ಅರ್ಧ ಸುಳ್ಳು. ಹಿಂದಿನ ಗೇರ್ ಬದಲಿಸುವ ಡಿರೇಲರ್ ಸಾಮಾನ್ಯವಾಗಿ ಫ್ರೇಮಿಗೆ ನೇರವಾಗಿ ಕೂತಿರುವುದಿಲ್ಲ. ನಡುವೆ ಹೆಬ್ಬೆರಳಷ್ಟು ಉದ್ದದ ಒಂದು ಅಲ್ಯೂಮಿನಿಯಂ ತುಂಡು ಇರುತ್ತದೆ. ಅದನ್ನು ಹ್ಯಾಂಗರ್ ಅನ್ನುತ್ತೇವೆ. ಅದನ್ನು ಬೇಕೂಂತಲೇ ಮೆತ್ತಗೆ ಮಾಡಿರುತ್ತಾರೆ. ಏಟು ಬಿದ್ದರೆ ಫ್ರೇಮ್ ಉಳಿಯಲಿ, ಇದು ಹೋಗಲಿ ಅಂತ. ಮನೆಯಲ್ಲಿ ಫ್ಯೂಸ್ ಹೋದ ಹಾಗೆ. ನಿಮ್ಮ ಡ್ರಾಯರಲ್ಲಿ ಇರುವುದು ಅದೇ.

ಅದು ಮುರಿದದ್ದು ಹೀಗೆ. ಗದ್ದೆ ಮಣ್ಣಿನ ಜೊತೆ ಭತ್ತದ ಕೂಳೆ, ಗರಿಕೆ ಬೇರು ಸೇರಿಕೊಳ್ಳುತ್ತದೆ. ಬರೀ ಮಣ್ಣಾದರೆ ಉದುರುತ್ತದೆ. ಹುಲ್ಲು ಸೇರಿದ ಮಣ್ಣು ಮನೆ ಗೋಡೆಗೆ ಕಲಸಿದ ಮಣ್ಣಿನ ಹಾಗೆ, ಬಿಡುವುದಿಲ್ಲ. ಡಿರೇಲರಿನ ಎರಡು ಪುಟ್ಟ ಹಲ್ಲುಚಕ್ರಗಳಲ್ಲಿ ಅದು ತುಂಬಿಕೊಂಡರೆ ಚೈನು ಸರಾಗವಾಗಿ ಸರಿಯುವುದಿಲ್ಲ. ನೀವು ಮೇಲಿಂದ ಬಲವಾಗಿ ತುಳಿಯುತ್ತೀರಿ. ಚೈನು ಮುಂದೆ ಹೋಗಲೇಬೇಕು. ಸರಿಯಲು ಆಗದ್ದಕ್ಕೆ ಡಿರೇಲರನ್ನೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹ್ಯಾಂಗರ್ ತಿರುಚುತ್ತದೆ, ಮುರಿಯುತ್ತದೆ. ಡಿರೇಲರ್ ಸ್ಪೋಕ್ಸಿನೊಳಗೆ ಹೋಗುತ್ತದೆ. ಅಗ್ಗದ ಗೇರ್ ಸೈಕಲ್ಲಿಗೂ ಇದೇ ಗತಿ, ಎರಡು ಲಕ್ಷದ ಸೈಕಲ್ಲಿಗೂ ಇದೇ ಗತಿ.

ಮುರಿಯುವ ಮುಂಚೆ ಅದು ಸೂಚನೆ ಕೊಡುತ್ತದೆ. ಚೈನು ಹಲ್ಲಿನ ಮೇಲೆ ಕಟಕಟ ಹಾರುತ್ತದೆ. ಪೆಡಲು ಒಮ್ಮೆಲೇ ಭಾರವಾಗುತ್ತದೆ. ಆ ಕ್ಷಣ ತುಳಿಯುವುದು ನಿಲ್ಲಿಸಬೇಕು. ಆಗ ನೀವೇನು ಮಾಡಿರಬಹುದು ಅಂತ ನಾನು ಊಹಿಸಬಲ್ಲೆ: ಇನ್ನೂ ಜೋರಾಗಿ ತುಳಿದಿರಿ, ಅಲ್ವಾ? ಕೆಸರಿಗೆ ಮುಂಚೆಯೇ ಇಳಿದು ಸೈಕಲ್ ಎತ್ತಿಕೊಂಡು ಓಡಿದ್ದರೆ ಅಷ್ಟು ಮಣ್ಣು ತುಂಬುತ್ತಲೇ ಇರಲಿಲ್ಲ. ಎತ್ತಿಕೊಂಡು ಅನ್ನುವುದನ್ನು ಗಮನಿಸಿ. ತಳ್ಳಿಕೊಂಡು ಹೋದರೂ ಚಕ್ರ ಉರುಳುತ್ತದೆ, ಮಣ್ಣು ಸುತ್ತಿಕೊಳ್ಳುತ್ತದೆ. ಒಮ್ಮೆ ನನ್ನ ಅಂಗಡಿ ಪಕ್ಕದ ಅಕ್ಕಿ ಮಂಡಿಯ ತಕ್ಕಡಿಯಲ್ಲಿ ರೇಸಿಂದ ಬಂದ ಸೈಕಲ್ ಇಟ್ಟು ನೋಡಿದೆ. ಬೆಳಗ್ಗೆ 14 ಕೆಜಿ ಇದ್ದದ್ದು 19 ಕೆಜಿ ತೂಗಿತು. ಐದು ಕೆಜಿ ಗದ್ದೆಯನ್ನೇ ಆ ಹುಡುಗ ಮನೆಗೆ ತಂದಿದ್ದ.

ಈ ಮಣ್ಣಿನ ವಿಷಯದಲ್ಲಿ ಒಂದು ಮಾತು ಜಾಸ್ತಿ ಹೇಳಬೇಕು. ನಮ್ಮ ಮೈಸೂರು ಸುತ್ತಿನ ಹೊಲಗಳ ಕೆಮ್ಮಣ್ಣಿನಲ್ಲಿ ಮರಳಿನ ಅಂಶ ಇರುತ್ತದೆ, ನೀರು ಬೇಗ ಇಳಿಯುತ್ತದೆ. ನಾಲೆ ನೀರಿನ ಗದ್ದೆಗಳದು ಜೇಡಿ. ನಂಜನಗೂಡು, ಚಾಮರಾಜನಗರದ ಕಡೆ ಸಿಗುವ ಎರೆಮಣ್ಣಂತೂ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಆದರೆ ಎಲ್ಲ ಮಣ್ಣಿಗೂ ಒಂದು ಸಮಾನ ಗುಣ ಇದೆ. ನೀರು ಜಾಸ್ತಿ ಇದ್ದಾಗ ಅದು ಗಂಜಿಯ ಹಾಗೆ, ಎರಚುತ್ತದೆ, ಜಾರುತ್ತದೆ, ಆದರೆ ಅಂಟುವುದು ಕಡಿಮೆ. ಅರ್ಧ ಒಣಗಿದಾಗ ಮುದ್ದೆಯ ಹಾಗೆ, ಅಂಟುತ್ತದೆ. ಹೀಗಾಗಿ ಶನಿವಾರ ಜಡಿಮಳೆ ಬಂದು ಭಾನುವಾರ ಚೆನ್ನಾಗಿ ಬಿಸಿಲು ಬಿದ್ದರೆ ‘ಸದ್ಯ, ಇವತ್ತು ಸಲೀಸು’ ಅಂದುಕೊಳ್ಳಬೇಡಿ. ಸೈಕಲ್ ಮುರಿಯುವ ದಿನ ಅದೇ. ಕಳೆದ ವರ್ಷ ನಿಮ್ಮ ರೇಸಿನ ದಿನ ಬಿಸಿಲಿತ್ತು ಅಂದರೆ ನನಗೆ ಆಶ್ಚರ್ಯವಿಲ್ಲ.

ಗಾಳಿಯ ಮಾತಿಗೆ ಬರೋಣ. ಕಲ್ಲಿನ ಹಾಗೆ ಗಾಳಿ ತುಂಬಿಸುವುದು ಟಾರು ರಸ್ತೆಯ ಬುದ್ಧಿ. ಕೆಸರಲ್ಲಿ ಗಟ್ಟಿ ಟೈರು ನೆಲವನ್ನು ಹಿಡಿಯುವುದಿಲ್ಲ, ತಿರುವಿನಲ್ಲಿ ಜಾರುತ್ತದೆ. ಗಾಳಿ ಕಡಿಮೆ ಇದ್ದರೆ ಟೈರು ಸ್ವಲ್ಪ ಚಪ್ಪಟೆಯಾಗಿ ಹೆಚ್ಚು ಗುಬುಟುಗಳು ನೆಲಕ್ಕೆ ಕಚ್ಚುತ್ತವೆ. ಆದರೆ ಕಡಿಮೆ ಮಾಡುವುದಕ್ಕೂ ಮಿತಿ ಇದೆ. ನಿಮ್ಮ ಟೈರಿನೊಳಗೆ ಟ್ಯೂಬ್ ಇದೆ. ತೀರಾ ಇಳಿಸಿದರೆ ಕಲ್ಲಿಗೋ ಹಲಗೆಗೋ ತಗುಲಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ನಿಮ್ಮ ತೂಕ 70 ಕೆಜಿ ಆಸುಪಾಸು ಇದ್ದು, ಎರಡಿಂಚಿನ ಟೈರು ಅಂದುಕೊಂಡರೆ, ಟ್ಯೂಬ್ ಇರುವಾಗ ಗಾಳಿಯ ಒತ್ತಡ ಮುಂದೆ 25, ಹಿಂದೆ 28 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆದರೆ ಇನ್ನೂ ನಾಲ್ಕೈದು ಇಳಿಸಬಹುದು. ಪೆಟ್ರೋಲ್ ಬಂಕಿನ ಮೀಟರ್ ನಂಬಬೇಡಿ. ಒಂದೇ ಪಂಪು, ಒಂದೇ ಮೀಟರು ಇಟ್ಟುಕೊಳ್ಳಿ. ಅಂಕಿ ತುಸು ತಪ್ಪಿದ್ದರೂ ಪ್ರತಿ ಸಲ ಒಂದೇ ಥರ ತಪ್ಪಿರುತ್ತದೆ.

ಟೈರಿನ ಅಗಲದಲ್ಲೂ ಜನ ಮೋಸ ಹೋಗುತ್ತಾರೆ. ದಪ್ಪ ಟೈರು ಇದ್ದಷ್ಟೂ ಒಳ್ಳೆಯದು ಅನ್ನುವುದು ಒಣ ದಾರಿಗೆ ಸರಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಸೈಕ್ಲೋಕ್ರಾಸ್ ಟೈರು 33 ಮಿಲಿಮೀಟರ್ ಮೀರುವಂತಿಲ್ಲ. ಹವ್ಯಾಸಿ ರೇಸಿನಲ್ಲಿ ಸಾಮಾನ್ಯವಾಗಿ ಇದನ್ನು ಯಾರೂ ಅಳೆಯುವುದಿಲ್ಲ, ಆದರೂ ನಡೆಸುವವರನ್ನು ಒಂದು ಮಾತು ಕೇಳಿ. ನಿಮಗೆ ಅಗಲಕ್ಕಿಂತ ಮುಖ್ಯವಾದದ್ದು ಜಾಗ. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಪಕ್ಕ ಕಿರುಬೆರಳು ತೂರುತ್ತದಾ ನೋಡಿ. ತೂರದಿದ್ದರೆ ಒಂದು ಸೈಜು ಸಣ್ಣ ಟೈರು ಹಾಕಿಸಿ. ಗುಬುಟುಗಳು ವಿರಳವಾಗಿ, ಎತ್ತರವಾಗಿರಲಿ. ಒತ್ತೊತ್ತಾಗಿದ್ದರೆ ನಡುವೆ ಮಣ್ಣು ಕೂತು ಟೈರು ನುಣ್ಣಗಾಗಿಬಿಡುತ್ತದೆ.

ಲಕ್ಷ ರೂಪಾಯಿ ಸೈಕಲ್ ಬೇಡ. ನನ್ನನ್ನು ಕೇಳಿದರೆ ನಿಮ್ಮ ಮುಂದೆ ಮೂರು ದಾರಿ ಇವೆ. ಇದೇ ಸೈಕಲ್ಲನ್ನು ಸರಿಮಾಡಿಕೊಂಡು ಹೋಗುವುದು ಒಂದು. ಮಡ್‌ಗಾರ್ಡು, ಸ್ಟ್ಯಾಂಡು, ಬಾಟಲ್ ಹೋಲ್ಡರ್ ಬಿಚ್ಚಿ, ಹೊಸ ಹ್ಯಾಂಗರ್ ಹಾಕಿಸಿ. ಅಪಾಯ ಇದ್ದೇ ಇದೆ, ಆದರೆ ಅದು ಈಗ ನಿಮಗೆ ಗೊತ್ತಿರುವ ಅಪಾಯ. ಎರಡನೆಯದು ಡಿರೇಲರನ್ನೇ ತೆಗೆದು ಒಂದೇ ಗೇರ್ ಮಾಡಿಸುವುದು. ಮುಂದೆ 32 ಹಲ್ಲು ಇದ್ದರೆ ಹಿಂದೆ 18ರಿಂದ 20. ಮುರಿಯುವುದಕ್ಕೆ ಏನೂ ಇರುವುದಿಲ್ಲ, ನನಗಂತೂ ಇದು ಇಷ್ಟ. ಆದರೆ ಸುಮ್ನೆ ಚೈನು ತುಂಡು ಮಾಡಿ ಕೂರಿಸಿದರೆ ಸಡಿಲಾಗಿ ಕಳಚುತ್ತದೆ, ಬಿಗಿ ಮಾಡುವ ಟೆನ್ಷನರ್ ಬೇಕು. ಏರಿನಲ್ಲಿ ಮಂಡಿಗೆ ಭಾರ ಬೀಳುತ್ತದೆ, 43ಕ್ಕೆ ಅದನ್ನೂ ಲೆಕ್ಕ ಹಾಕಿ. ಮೂರನೆಯದು ಯಾರದಾದರೂ ಸೈಕ್ಲೋಕ್ರಾಸ್ ಸೈಕಲ್ ಅಥವಾ ಮಣ್ಣು, ಜಲ್ಲಿ ದಾರಿಗೆ ಮಾಡಿದ ಗ್ರಾವೆಲ್ ಸೈಕಲ್ ಎರವಲು ತರುವುದು. ಹಗುರ, ಹೆಗಲಿಗೆ ಸಲೀಸು. ಆದರೆ ಬಾಗಿದ ಹ್ಯಾಂಡಲ್ ಅಭ್ಯಾಸ ಇಲ್ಲದವರು ಕೆಸರಲ್ಲೇ ಮೊದಲ ಪಾಠ ಕಲಿಯಬಾರದು. ಮುರಿದರೆ ಸ್ನೇಹವೂ ಮುರಿಯುತ್ತದೆ.

ನಾನಾಗಿದ್ದರೆ ಮೊದಲನೆಯದನ್ನು ಆರಿಸಿ, ರೇಸಿಗೆ ಮೂರು ವಾರ ಮುಂಚೆ ಇಳಿಯುವ ಅಭ್ಯಾಸ ಶುರು ಮಾಡುತ್ತಿದ್ದೆ. ಶಾಲೆ ಮೈದಾನ ಸಾಕು, ಸಂಜೆ 20 ನಿಮಿಷ. ಎರಡು ಇಟ್ಟಿಗೆ ಮೇಲೆ ಒಂದು ಬಿದಿರು ಗಳ ಇಡಿ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಫ್ರೇಮಿನ ಮೇಲಿನ ಪೈಪಿನ ಮೇಲೆ. ಬಲಗಾಲು ಹಿಂದಿನಿಂದ ಈಚೆಗೆ ತಂದು, ಇಳಿದು, ಎತ್ತಿ, ದಾಟಿ, ಮತ್ತೆ ಹತ್ತಿ. ಎಂಟಿಬಿ ಫ್ರೇಮಿನ ಒಳಗೆ ಹೆಗಲು ತೂರಿಸುವುದು ಕಷ್ಟವಾದರೆ ಮೇಲಿನ ಪೈಪನ್ನೇ ಸೂಟ್‌ಕೇಸ್ ಹಿಡಿದ ಹಾಗೆ ಹಿಡಿದು ಎತ್ತಿ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಸೈಕಲ್ ಹೊತ್ತು ಹತ್ತುವ ಶೂರರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿರುವ ಅಜ್ಜಿಯರಿಗೆ ನಿಮ್ಮ ಪೆಡಲು ತಗುಲುತ್ತದೆ. ಬರಿಗೈಲಿ ನಂದಿವರೆಗೆ ಹತ್ತಿ ಬನ್ನಿ, ಕಾಲಿಗೆ ಅಷ್ಟೇ ಬೇಕಾಗಿರುವುದು.

ರೇಸಿನ ಬೆಳಗ್ಗೆ ಇಡೀ ಸುತ್ತನ್ನು ಒಂದು ಸಲ ನಡೆದು ನೋಡಿ. ಎಲ್ಲರೂ ತುಳಿಯುವ ನಡುವಿನ ಗೆರೆ ಎರಡು ಸುತ್ತಿಗೇ ಹೂಳಾಗುತ್ತದೆ. ದಾರಿ ಗುರುತಿಗೆ ಕಟ್ಟಿದ ಟೇಪಿನ ಅಂಚಿನಲ್ಲಿ ಹುಲ್ಲು ಉಳಿದಿರುತ್ತದೆ, ಅಲ್ಲಿ ಚಕ್ರ ಕಚ್ಚುತ್ತದೆ. ಬ್ರೇಕು ತಿರುವಿಗೆ ಮುಂಚೆ ಹಿಡಿಯಿರಿ, ತಿರುವಿನ ಒಳಗೆ ಬೇಡ. ಶುರುವಿನಲ್ಲಿ ಎಲ್ಲರೂ ಬಾಣದ ಹಾಗೆ ಹೋಗುತ್ತಾರೆ. ಹೋಗಲಿ. 40 ನಿಮಿಷದಲ್ಲಿ ಅವರಲ್ಲಿ ಅರ್ಧ ಜನ ನಿಮಗೆ ಮತ್ತೆ ಸಿಗುತ್ತಾರೆ.

‘ಕೆಸರು ಮೆತ್ತಗೆ, ಬಿದ್ದರೂ ಏನಾಗಲ್ಲ’ ಅನ್ನುವುದು ಪೂರ್ತಿ ನಿಜವಲ್ಲ. ವೇಗ ಕಡಿಮೆ ಇರುವುದರಿಂದ ಹೆಚ್ಚಿನವು ಸಣ್ಣ ಬೀಳುಗಳು. ಆದರೆ ಮುಂದಿನ ಚಕ್ರ ಗುಂಡಿಯಲ್ಲಿ ಹೂತು ಹ್ಯಾಂಡಲ್ ಮೇಲಿಂದ ಹಾರಿದರೆ ಕಾಲರ್ ಮೂಳೆ ಕೆಸರಲ್ಲೂ ಮುರಿಯುತ್ತದೆ. ಹ್ಯಾಂಡಲ್ ತುದಿಯ ಮುಚ್ಚಳ ಬಿದ್ದುಹೋಗಿದ್ದರೆ ಇವತ್ತೇ ಹಾಕಿಸಿ. ತೆರೆದ ಪೈಪು ಹೊಟ್ಟೆಗೋ ತೊಡೆಗೋ ಚುಚ್ಚಿದರೆ ಬಿಲ್ಲೆ ಕತ್ತರಿಸಿದ ಹಾಗೆ ಕತ್ತರಿಸುತ್ತದೆ.

ಮನೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಇಲಿಜ್ವರದ ರೋಗಾಣು ಇಲಿ, ದನದ ಮೂತ್ರದ ಮೂಲಕ ನಿಂತ ನೀರಿಗೆ, ಗದ್ದೆ ಕೆಸರಿಗೆ ಸೇರುತ್ತದೆ. ತರಚಿದ ಚರ್ಮ, ಕಣ್ಣು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಹಾಗಂತ ಕೆಸರು ಮುಟ್ಟಿದವರಿಗೆಲ್ಲ ಬರುವುದಿಲ್ಲ. ಬಂದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಕೆಲವೊಮ್ಮೆ ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಆಗ ವೈದ್ಯರಿಗೆ ‘ಕೆಸರಲ್ಲಿ ಬಿದ್ದಿದ್ದೆ’ ಅಂತ ನೀವಾಗಿಯೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಮುಂಜಾಗ್ರತೆಗೆ ಮಾತ್ರೆ ಬೇಕೋ ಬೇಡವೋ ಅನ್ನುವುದೂ ವೈದ್ಯರ ತೀರ್ಮಾನ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವಂಥದ್ದಲ್ಲ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೆನಪಿಲ್ಲದಿದ್ದರೆ ಅದನ್ನೂ ಅವರಲ್ಲೇ ಕೇಳಿ. ಬಿಪಿ, ಶುಗರ್ ಇದ್ದರೆ ಹೃದಯದ ತಪಾಸಣೆಯೂ ಆಗಲಿ. ಈ ರೇಸಿನ 40 ನಿಮಿಷವೂ ಎದೆ ಡವಡವ ಅನ್ನುತ್ತಲೇ ಇರುತ್ತದೆ.

ಹೆಚ್ಚಾಗಿ ಆಗುವ ತೊಂದರೆ ಹೊಟ್ಟೆಯದು. 2008ರಲ್ಲಿ ವೇಲ್ಸ್‌ನ ಬಿಲ್ತ್ ವೆಲ್ಸ್‌ನಲ್ಲಿ ಒಂದು ಮೌಂಟನ್ ಬೈಕ್ ರೇಸ್ ಮುಗಿಸಿದ ತುಂಬಾ ಜನಕ್ಕೆ ಭೇದಿ ಹಿಡಿಯಿತು. ಕುರಿ ಮೇಯುವ ನೆಲದ ಕೆಸರು ಎರಚಿ ಬಾಯಿಗೆ ಹೋಗಿದ್ದೇ ಕಾರಣ ಅಂತ ತನಿಖೆಯಲ್ಲಿ ಗೊತ್ತಾಯಿತು. ನಮ್ಮ ಗದ್ದೆಯಲ್ಲಿ ಸಗಣಿಗೇನು ಬರ? ಕನ್ನಡಕ ಹಾಕಿಕೊಳ್ಳಿ. ಬಾಯಿ ಮುಕ್ಕಳಿಸಿ ಉಗಿದು ಆಮೇಲೆ ನೀರು ಕುಡಿಯಿರಿ. ಮುಚ್ಚಳ ಇರುವ ಬಾಟಲಿಯಲ್ಲೇ ಕುಡಿಯಿರಿ. ಗಾಯವಾದರೆ ಸೋಪು ಹಾಕಿ ಹತ್ತು ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಅರಿಶಿನ ಮೆತ್ತುವುದು ಬೇಡ.

ಶನಿವಾರ ಸಂಜೆಯ ಎರಡು ಗಂಟೆ ಭಾನುವಾರವನ್ನು ತೀರ್ಮಾನಿಸುತ್ತದೆ. ಮಣ್ಣು ಒಣಗುವ ಮುಂಚೆ ಸೈಕಲ್ ತೊಳೆಯಿರಿ. ಬಕೆಟ್ಟು, ಮಗ್ಗು, ಹಳೇ ಬ್ರಷ್ಷು ಸಾಕು. ಬೈಕ್ ವಾಟರ್ ಸರ್ವಿಸ್ ಅಂಗಡಿಗೆ ಹೋಗಬೇಡಿ. ನಾನು ಒಮ್ಮೆ ಅವಸರಕ್ಕೆ ಹಾಗೆ ಮಾಡಿದ್ದೆ. ಹುಡುಗ ಪ್ರೀತಿಯಿಂದ ಹತ್ತಿರ ನಿಂತು ಜೆಟ್ ಹೊಡೆದ. ಸೈಕಲ್ ಫಳಫಳ ಅಂದಿತು. ಮಾರನೇ ದಿನ ಹಿಂದಿನ ಚಕ್ರದ ನಡುವಿನ ಹಬ್‌ನಿಂದ ರಾಗಿ ಬೀಸುವ ಸದ್ದು. ನೀರು ಮಣ್ಣಿನ ಸಮೇತ ಬೇರಿಂಗಿನೊಳಗೆ ಹೋಗಿ ಗ್ರೀಸ್ ತೊಳೆದುಹೋಗಿತ್ತು.

ತೊಳೆದು, ಚೈನು ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು, ಮೇಲಿನ ಎಣ್ಣೆ ಮತ್ತೆ ಒರೆಸಿ. ಆಮೇಲೆ ಬ್ರೇಕ್ ಪ್ಯಾಡ್ ನೋಡಿ. ಮರಳು ಬೆರೆತ ಕೆಸರು ಸ್ಯಾಂಡ್‌ಪೇಪರ್ ಇದ್ದ ಹಾಗೆ. ಮೆತ್ತನೆಯ ರೆಸಿನ್ ಪ್ಯಾಡು ಒಂದೇ ರೇಸಿಗೆ ಮುಗಿದದ್ದು ಕಂಡಿದ್ದೇನೆ. ಲೋಹ ಬೆರೆತ ಸಿಂಟರ್ಡ್ ಪ್ಯಾಡು ಹೆಚ್ಚು ಬಾಳುತ್ತದೆ. ಆದರೆ ಕೆಲವು ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಅಂತ ಬರೆದಿರುತ್ತದೆ, ಓದಿ ನೋಡಿ ತನ್ನಿ. ಮಣ್ಣು ಅಂಟದಿರಲಿ ಅಂತ ಫ್ರೇಮಿಗೆ ಅಡುಗೆ ಎಣ್ಣೆ ಸವರುವವರಿದ್ದಾರೆ. ಒಂದು ಸುತ್ತಿಗೆ ಕೆಲಸ ಮಾಡುತ್ತದೆ. ಒಂದು ಹನಿ ಡಿಸ್ಕಿಗೆ ತಾಗಿದರೆ ಬ್ರೇಕೇ ಇರುವುದಿಲ್ಲ. ನಾನು ಮಾಡುವುದಿಲ್ಲ.

ಶೂಗಳೊಳಗೆ ನ್ಯೂಸ್ ಪೇಪರ್ ತುರುಕಿಡಿ, ಮಲಗುವ ಮುಂಚೆ ಒಮ್ಮೆ ಬದಲಿಸಿ. ರಾತ್ರಿ ಮುದ್ದೆ, ಬಸ್ಸಾರು ಹೊಟ್ಟೆ ತುಂಬಾ ಉಣ್ಣಿ. ಭಾನುವಾರ ಬೆಳಗ್ಗೆ ಮಾತ್ರ ಮುದ್ದೆ ಬೇಡ. ರೇಸಿಗೆ ಮೂರು ಗಂಟೆ ಮುಂಚೆ ನಾಲ್ಕು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಯುರೋಪಿನವರು ಚಳಿಯಲ್ಲಿ ನೀರಿಲ್ಲದೆ ಓಡಿಸುತ್ತಾರೆ, ನಮ್ಮ ಅಕ್ಟೋಬರ್ ಬಿಸಿಲಿಗೆ ಅದು ನಡೆಯುವುದಿಲ್ಲ. ಶುರುವಿಗೆ ಮುಂಚೆ ಅರ್ಧ ಲೀಟರ್ ಕುಡಿದಿರಿ. ನಗುವ ಆ ಹುಡುಗರಲ್ಲೇ ಇಬ್ಬರನ್ನು ಎರಡು ಕ್ಯಾನ್ ನೀರು, ಒಂದು ಬ್ರಷ್ಷು ಕೊಟ್ಟು ಸುತ್ತಿನ ಪಕ್ಕ ನಿಲ್ಲಿಸಿ. ಹೊರಗಿನ ಸಹಾಯ ಎಲ್ಲಿ ಪಡೆಯಬಹುದು ಅಂತ ನಡೆಸುವವರು ಗುರುತು ಮಾಡಿರುತ್ತಾರೆ, ಆ ಜಾಗದಲ್ಲೇ ನಿಲ್ಲಿಸಿ. ಅರ್ಧ ಒಣಗಿದ ಮಣ್ಣಿನ ದಿನ ಪ್ರತಿ ಸುತ್ತಿಗೂ ಹಿಂದಿನ ಗೇರಿಗೆ ಎರಡು ಮಗ್ಗು ನೀರು ಹೊಯ್ಯಲಿ.

ಇನ್ನು ಆ ಡ್ರಾಯರ್ ತೆಗೆಯಿರಿ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ ಇರುತ್ತದೆ. ನೋಡಲು ಒಂದೇ, ಬೋಲ್ಟಿನ ತೂತು ಎರಡು ಮಿಲಿಮೀಟರ್ ಆಚೀಚೆ ಇದ್ದರೂ ಕೂರುವುದಿಲ್ಲ. ಕಂಪನಿ, ಮಾಡೆಲ್ ಹೇಳಿ ತರಿಸಿದ್ದು ತಪ್ಪಾಗಿ ಬಂದದ್ದು ನನಗೇ ಎಷ್ಟೋ ಸಲ ಆಗಿದೆ. ಮುರಿದ ತುಂಡನ್ನೇ ಅಂಗಡಿಗೆ ತಗೊಂಡು ಹೋಗಿ ಪಕ್ಕದಲ್ಲಿಟ್ಟು ಹೋಲಿಸಿ. ಕೆಲವು ನೂರು ರೂಪಾಯಿ ಆಗುತ್ತದೆ. ಸ್ಟಾಕ್ ಇಲ್ಲ, ತರಿಸಬೇಕು ಅನ್ನುವುದೇ ಜಾಸ್ತಿ, ಅದಕ್ಕೇ ಈ ವಾರವೇ ಹೋಗಿ. ಎರಡು ತನ್ನಿ. ಒಂದು ಶನಿವಾರಕ್ಕೆ, ಇನ್ನೊಂದು ಜೇಬಿನಲ್ಲಿರಲಿ.